ಜಾರಬೇಕಾದ ಗಂಟು

ನಡೆದದ್ದು ಇಷ್ಟೇ. ಗಂಟು ಹಾಕಿದವಳು ನಾನು. ಮೀನು ಹೋದದ್ದು ಆ ಗಂಟಿನಿಂದ. ಅದಕ್ಕಾಗಿ ಮಾತು ಕೇಳಿಸಿಕೊಂಡವನು ಪಕ್ಕದ ಮನೆಯ ವಾಲ್ಟರ್. ಇದಕ್ಕಿಂತ ಹೆಚ್ಚಿಗೆ ಯಾರಾದರೂ ಹೇಳಿದರೆ ನಂಬಬೇಡಿ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಾನು ಕೆನಡಾದಿಂದ ತಿರುಗಿ ಬಂದು ಎಂಟು ದಿನ ಆಗಿರಲಿಲ್ಲ, ರಾಯಚೂರಿನ ಮಾರ್ಕೆಟ್ಟಿನಲ್ಲಿ ನನ್ನ ಪಕ್ಕ ಒಣಮೀನು ಮಾರುವ ಖಾಜಾಬೀ ಊರೆಲ್ಲ ಡಂಗುರ ಹೊಡೆದಿದ್ದಳು. "ನಮ್ಮ ಹುಲಿಗೆಮ್ಮ ಫಾರಿನ್ನಾಗ ಆದಮಿ ಉದ್ದ ಮೀನು ಹಿಡದಾಳ, ಪೇಪರ್‌ದಾಗ ಫೋಟೋ ಬಂದದ, ಮಾಷಾ ಅಲ್ಲಾ!" ಫೋಟೋ ಎಲ್ಲಿ ಅದ ತೋರಸು ಅಂದರೆ, "ಅವರ ಪೇಪರ್ ಇಲ್ಲಿ ಹೆಂಗ ಬರ್ತದ?" ಎಂದು ಗಿರಾಕಿಯನ್ನೇ ಬೈಯುತ್ತಾಳೆ. ಫೋಟೋ ಬಂದಿಲ್ಲ. ಮೀನು ಹಿಡಿದಿಲ್ಲ. ಕೈಗೆ ಬಂದಿದ್ದ ಮೀನನ್ನು ತಿರುಗಿ ನೀರಿಗೆ ಕಳಿಸಿದವಳು ನಾನು.

ನಾನು ನಾಲ್ಕನೇ ಕ್ಲಾಸಿನ ತನಕ ಓದಿದವಳು. ದೊಡ್ಡ ಕಟ್ಟಡ, ದೊಡ್ಡ ಜಲಪಾತದ ಬಗ್ಗೆ ತಿಳಿಯಬೇಕು ಅನ್ನುವವರು ಬೇರೆಯವರು ಬರೆದದ್ದನ್ನು ಓದಿಕೊಳ್ಳಿ. ನಾನು ಆ ದೇಶದಲ್ಲಿ ಸರಿಯಾಗಿ ನೋಡಿದ್ದು ಒಂದು ಬೇಲಿ, ಒಂದು ದೋಣಿ ಮತ್ತು ಇಬ್ಬರು ಮನುಷ್ಯರು.

ರಾಯಚೂರಿನಿಂದ ಬೊಂಬಾಯಿಗೆ

ನಮ್ಮದು ದೇವದುರ್ಗದ ಆಚೆ ಕೃಷ್ಣೆಯ ದಂಡೆಯ ಊರು. ಗಂಡ ಹರಿಗೋಲು ಹಾಕಿ ಮೀನು ಹಿಡಿಯುತ್ತಿದ್ದ. ನಾನು ಬುಟ್ಟಿ ಹೊತ್ತು ಮೊದಲು ದೇವದುರ್ಗಕ್ಕೆ, ಆಮೇಲೆ ಮಾನ್ವಿ ಸಂತೆಗೆ, ಕಡೆಗೆ ರಾಯಚೂರಿಗೆ ಹೋಗಿ ಮಾರುತ್ತಿದ್ದೆ. ಆತ ತೀರಿದ ಮೇಲೆ ರಾಯಚೂರಿನಲ್ಲೇ ನಿಂತೆ. ಮಗ ಮಾನ್ವಿ ರೂಟಿನ ಬಸ್ಸಿನಲ್ಲಿ ಕಂಡಕ್ಟರ್. ಅವನ ಮಕ್ಕಳು ನನ್ನ ಹತ್ತಿರವೇ ಇದ್ದು ಸಾಲೆಗೆ ಹೋಗುತ್ತವೆ. ಮಗನಿಗಿಂತ ಕಿರಿಯಳು ನನ್ನ ಮಗಳು ಸರೋಜ. ನರ್ಸ್ ಕೆಲಸ ಕಲಿತು, ಎಪ್ಪತ್ತರ ದಶಕದ ಕೊನೆಯಲ್ಲಿ ಕೆನಡಾದವರಿಗೆ ನರ್ಸ್‌ಗಳು ಬೇಕಂತೆ ಎಂದು ಹೋದವಳು ಆರು ವರ್ಷ ಬರೀ ಕಾಗದದಲ್ಲೇ ಮಗಳಾಗಿದ್ದಳು. ಮದುವೆ ಆಗಿಲ್ಲ. ಆಗುವುದೂ ಇಲ್ಲ ಎನ್ನುತ್ತಾಳೆ. ಕೇಳುವುದನ್ನು ನಾನೂ ಬಿಟ್ಟಿದ್ದೇನೆ. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಟಿಕೆಟ್ ಕಳಿಸಿದಳು.

ಪಾಸ್‌ಪೋರ್ಟಿಗೆಂದು ವಿಚಾರಿಸಲು ಬಂದ ಪೊಲೀಸ್, "ಅಷ್ಟು ದೂರ ಏನ್ ಮಾಡಾಕ ಹೊಂಟೀಯಬೇ ಮುದುಕಿ?" ಅಂದ. "ಮಗಳು ಉಣ್ತಾಳೋ ಇಲ್ಲೋ ನೋಡಾಕ" ಅಂದೆ. ಅವನು ಅದನ್ನೇ ಬರೆದುಕೊಂಡನೋ ಏನೋ, ಪಾಸ್‌ಪೋರ್ಟ್ ಬಂತು.

ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ನನ್ನ ಎಲೆಅಡಿಕೆ ಚೀಲದಿಂದ ಒಬ್ಬ ಸಾಹೇಬ ಬಲೆ ಹೆಣೆಯುವ ಬಿದಿರಿನ ಕಡ್ಡಿ ತೆಗೆದ. ತುದಿ ಚೂಪಾಗಿರುತ್ತದೆ. ಅವನಿಗೆ ಚೂರಿಯಂತೆ ಕಂಡಿತು. "ಯೇ ಕ್ಯಾ ಹೈ?" ಅಂದ. "ಜಾಲೀ, ಜಾಲೀ" ಅಂದೆ. ತಿಳಿಯಲಿಲ್ಲ. ಮೇಜಿನ ಮೇಲಿದ್ದ ಸುತಳಿ ಎಳೆದು, ಅವನ ಪೆನ್ನಿಗೇ ಸಿಕ್ಕಿಸಿ, ನಾಲ್ಕು ಕಣ್ಣು ಬಲೆ ಹೆಣೆದು ತೋರಿಸಿದೆ. ಹಿಂದೆ ಸೂಟು ಹಾಕಿದವರ ಸಾಲು ಗೊಣಗುತ್ತಿತ್ತು. ಸಾಹೇಬ ನಕ್ಕು ಕಡ್ಡಿ ತಿರುಗಿ ಕೊಟ್ಟ. ಪೆನ್ನಿನಿಂದ ಬಲೆ ಬಿಚ್ಚಲು ನೋಡಿದ, ಆಗಲಿಲ್ಲ. ನಮ್ಮ ಗಂಟು ಬಿಚ್ಚುವುದಕ್ಕೆಂದು ಹಾಕಿದ್ದಲ್ಲ. ಕತ್ತರಿ ತರಿಸಿದ.

ಇಷ್ಟು ಗಂಟು ಬಲ್ಲವಳಿಗೆ ವಿಮಾನದ ಸೊಂಟಪಟ್ಟಿಯ ಬಕಲು ಬಿಚ್ಚಲು ಬರಲಿಲ್ಲ. ಪಕ್ಕದ ಗಂಡಸನ್ನು ಸೊಂಟದ ವಿಷಯ ಹೇಗೆ ಕೇಳುವುದು? ನಡುದಾರಿಯಲ್ಲಿ ವಿಮಾನ ಬದಲಿಸುವ ತನಕ ಒಂಬತ್ತು ತಾಸು ಬಚ್ಚಲಿಗೆ ಹೋಗದೆ ಕುಳಿತೆ. ವಿಮಾನದ ಬಗ್ಗೆ ನನಗೆ ನೆನಪಿರುವುದು ಅಷ್ಟೇ.

ಸರೋಜಳ ಊರು

ಸರೋಜಳ ಊರು ಒಂಟಾರಿಯೋ ಎಂಬ ಕೆರೆಯ ದಂಡೆಯಲ್ಲಿದೆ. ಕೆರೆ ಅನ್ನುವುದು ಅವರ ಮಾತು. ಆಚೆ ದಂಡೆ ಕಾಣುವುದಿಲ್ಲ, ತೆರೆ ಏಳುತ್ತದೆ, ಹಡಗು ಓಡಾಡುತ್ತದೆ. ರಾಯಚೂರಿನ ಮಾವಿನಕೆರೆ ನೋಡಿ ಬಂದವಳು ಇದನ್ನು ಸಮುದ್ರ ಅಂದುಕೊಂಡು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿದೆ. ಸಿಹಿನೀರು! ಸರೋಜ ಓಡಿ ಬಂದು ಕುಡಿಯಬೇಡ ಎಂದು ನನ್ನ ಕೈಗೆ ಹೊಡೆದಳು.

ಅಲ್ಲಿಯ ಮಂದಿಯ ಬಗ್ಗೆ ಎರಡು ಮಾತು. ನೀವು ಅವರ ಕಾಲು ತುಳಿದರೆ ಅವರೇ ನಿಮಗೆ ಸಾರಿ ಅನ್ನುತ್ತಾರೆ. ನಾನು ಪರೀಕ್ಷೆ ಮಾಡಲೆಂದೇ ಅಂಗಡಿಯಲ್ಲಿ ಒಬ್ಬನ ಕಾಲು ತುಳಿದೆ, ಹಾಗೆಯೇ ಅಂದ. ಎರಡನೆಯದು ಹುಲ್ಲು. ಮನೆಮನೆಗೂ ಅಂಗಳದ ತುಂಬ ಹಸಿರು ಹುಲ್ಲು. ದನ ಇಲ್ಲ, ಎಮ್ಮೆ ಇಲ್ಲ, ಒಂದು ಮೇಕೆಯೂ ಇಲ್ಲ. ನೀರು ಬಿಟ್ಟು ಬೆಳೆಸುತ್ತಾರೆ, ಮಷೀನಿನಿಂದ ಕೊಯ್ಯುತ್ತಾರೆ, ಚೀಲಕ್ಕೆ ತುಂಬಿ ಕಸದ ಗಾಡಿಗೆ ಕೊಡುತ್ತಾರೆ. ದೇವದುರ್ಗದ ಕಡೆ ಬೇಸಿಗೆಯಲ್ಲಿ ಒಂದು ಹೊರೆ ಹುಲ್ಲಿಗೆ ಎಷ್ಟು ದೂರ ನಡೆಯುತ್ತಾರೆ ಎಂದು ಸರೋಜಳಿಗೆ ನೆನಪು ಮಾಡಿದೆ. "ಇವರಿಗಿ ಹೇಳಿದ್ರ ತಿಳಿಯೂದಿಲ್ಲಬೇ" ಅಂದಳು. ನನಗೂ ತಿಳಿಯಲಿಲ್ಲ.

ಸರೋಜ ಹನ್ನೆರಡು ತಾಸು ಆಸ್ಪತ್ರೆಯಲ್ಲಿರುತ್ತಿದ್ದಳು. ನಾನು ಹಿಂದಿನ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಾ ಕೂರುತ್ತಿದ್ದೆ. ಅಲ್ಲಿಯ ಅಕ್ಕಿಯಲ್ಲಿ ಆರಿಸುವುದಕ್ಕೆ ಕಲ್ಲೂ ಇರುವುದಿಲ್ಲ, ನೆಲ್ಲೂ ಇರುವುದಿಲ್ಲ. ಕೈ ಸುಮ್ಮನೆ ಇರಲಾರದೆ ಆರಿಸುತ್ತಿದ್ದೆ.

ಬೇಲಿಯಾಚೆ

ಹಿತ್ತಲಲ್ಲಿ ಮೊಣಕಾಲೆತ್ತರದ ಕಟ್ಟಿಗೆ ಬೇಲಿ. ಅದರಾಚೆ ವಾಲ್ಟರ್ ಎಂಬ ಮುದುಕ. ಎಪ್ಪತ್ತು ದಾಟಿದವನು, ಹೆಂಡತಿ ಸತ್ತವನು. ಕೆರೆಯಲ್ಲಿ ಅವನದೊಂದು ದೋಣಿ. ಮೀನು ಹಿಡಿಯಲು ಆಸೆಪಟ್ಟು ಬರುವ ಪಟ್ಟಣದವರನ್ನು ಕೂರಿಸಿಕೊಂಡು ಹೋಗಿ ಹಿಡಿಸುವುದು ಅವನ ಕಸುಬು. ಹಿಂದಿನ ಚಳಿಗಾಲದಲ್ಲಿ ಲಕ್ವಾ ಹೊಡೆದು ಸರೋಜಳ ಆಸ್ಪತ್ರೆಯಲ್ಲೇ ಮಲಗಿದ್ದ. ಕಾಲು ಬಂತು, ಮಾತು ಬಂತು, ಬಲಗೈ ಅರ್ಧ ಬಂತು. ಬೆರಳು ಬರಲಿಲ್ಲ. ಗ್ಲಾಸು ಹಿಡಿಯಬಲ್ಲ, ಅಂಗಿಯ ಗುಂಡಿ ಹಾಕಲಾರ.

ಎರಡು ದಿನ ನಾನು ಅವನನ್ನು ನೋಡಿದೆ. ಅವನೂ ತನ್ನ ಮೆಟ್ಟಿಲ ಮೇಲೆ ಕೂರುತ್ತಿದ್ದ. ಹಲ್ಲಿನಲ್ಲಿ ಒಂದು ನೈಲಾನ್ ದಾರ ಕಚ್ಚಿ, ಎಡಗೈಯಲ್ಲಿ ಒಂದು ಗಾಳ ಹಿಡಿದು ಗಂಟು ಹಾಕಲು ನೋಡುವನು. ದಾರ ಜಾರುವುದು. ಗಾಳ ಬೀಳುವುದು. ಬಗ್ಗಿ ಹುಡುಕುವನು. ಮತ್ತೆ ಹಲ್ಲಿಗೆ ದಾರ. ಮೂರನೇ ದಿನ ನನಗೆ ತಡೆಯಲಾಗಲಿಲ್ಲ. ಸೀರೆ ಎತ್ತಿಕಟ್ಟಿ ಬೇಲಿ ದಾಟಿದೆ, ಅವನ ಕೈಯಿಂದ ಕಸಿದುಕೊಂಡೆ, ಉಗುಳು ಹಚ್ಚಿ ಗಂಟು ಹಾಕಿ, ತುದಿ ಕಚ್ಚಿ ಉಗುಳಿ ಕೊಟ್ಟೆ. ಅವನು ಥ್ಯಾಂಕ್ಸ್ ಅನ್ನಲಿಲ್ಲ. ಗಾಳವನ್ನು ಬಾಗಿಲ ಹಿಡಿಕೆಗೆ ಸಿಕ್ಕಿಸಿ ದಾರ ಜಗ್ಗಿದ. ಬಾಗಿಲು ಬಂತು, ಗಂಟು ಬರಲಿಲ್ಲ. ಒಳಗೆ ಹೋಗಿ ಒಂದು ಡಬ್ಬಿ ತುಂಬ ಗಾಳ ತಂದು ನನ್ನ ಮಡಿಲಿಗಿಟ್ಟ.

ನಮ್ಮ ಹೊಳೆಯ ಕಡೆ ಗಾಳ ಕಟ್ಟುವುದು ಹೆಂಗಸರ ಕೆಲಸ. ಹೊಳೆಗೆ ಅಡ್ಡ ಬಿಡುವ ಉದ್ದನೆಯ ಹಗ್ಗಕ್ಕೆ ಮೊಳಕ್ಕೊಂದರಂತೆ ಇನ್ನೂರು ಗಾಳ ಕಟ್ಟಿ, ಸಿಕ್ಕಾಗದಂತೆ ಬುಟ್ಟಿಯಲ್ಲಿ ಸುತ್ತಿಟ್ಟರೆ ಗಂಡಸರು ಒಯ್ದು ಬಿಟ್ಟು ಬರುತ್ತಾರೆ. ನನ್ನ ಗಂಡ ಸಾಯುವ ತನಕ ಒಂದು ಗಾಳ ಕಟ್ಟಿದವನಲ್ಲ. ಗಂಡಸು ತಾನೇ ಕಟ್ಟುತ್ತಾ ಕೂತರೆ, "ಯಾಕೋ, ಹೆಂಡ್ತಿ ತವರಿಗಿ ಹೋಗ್ಯಾಳೇನು?" ಎಂದು ನಗುತ್ತಾರೆ. ಹಾಗಾಗಿ ವಾಲ್ಟರ್ ಗಂಟಿಗಾಗಿ ಅಷ್ಟು ಹೆಣಗುವುದು ನನಗೆ ವಿಚಿತ್ರವಾಗಿ ಕಂಡಿತು.

ಸಂಜೆ ಸರೋಜಳಿಗೆ ಹೇಳಿದರೆ ಹಣೆ ಗಟ್ಟಿಸಿಕೊಂಡಳು.

"ಯವ್ವಾ, ಮಂದಿ ಮನಿಗಿ ಹಂಗ ಬೇಲಿ ಹಾರಿ ಹೋಗಬಾರದು. ಇಲ್ಲಿ ಮೊದಲ ಫೋನ್ ಮಾಡ್ತಾರ."

"ಕಣ್ಣೆದುರಿಗೆ ಕುಂತಾನ. ಅವನಿಗಿ ಫೋನ್ ಯಾಕ ಮಾಡ್ಲಿ?"

"ಬರಬಹುದಾ ಅಂತ ಕೇಳಬೇಕಬೇ."

"ಬ್ಯಾಡ ಅಂದ್ರ?"

"ಬ್ಯಾಡ ಅಂದ್ರ ಹೋಗಬಾರದು."

"ಅದಕ್ಕ ನಾ ಕೇಳಲಿಲ್ಲ."

ಗುರುವಾರ ಸರೋಜಳಿಗೆ ರಜೆ. ವಾಲ್ಟರ್ ಬಂದ. ಫೋನ್ ಮಾಡಿಯೇ ಬಂದ. ಬಹಳ ಹೊತ್ತು ಮಾತಾಡಿದ. ಸರೋಜ ಅವನ ಹತ್ತು ಮಾತಿಗೆ ನನಗೊಂದು ಮಾತು ಹೇಳುತ್ತಾಳೆ, ಆದರೂ ತಿಳಿಯಿತು.

"ಶನಿವಾರ ಅವನ ಮಗಳು ಕ್ಯಾರೊಲ್ ಬರ್ತಾಳ. ಒಂದ್ ದಿನ ನನ್ನ ಮುಂದ ಮೊದಲಿನಂಗ ದೋಣಿ ನಡಸಿ, ಮೀನು ಹಿಡದು ತೋರಸು, ಬೇಸಿಗಿ ಮುಗಿಯೂತನ ದೋಣಿ ನಿನ್ನ ಹತ್ರ ಬಿಡ್ತೀನಿ ಅಂದಾಳಂತ. ಆಗ್ಲಿಲ್ಲಂದ್ರ ಮಾರೂದು. ತಗೊಳ್ಳಾವ ಭಾನುವಾರ ಹತ್ತಕ್ಕ ನೋಡಾಕ ಬರ್ತಾನ."

"ಮಾರಿದ್ರ ಇಂವ ಏನ್ ಮಾಡ್ತಾನ?"

ಸರೋಜ ಅವನನ್ನು ಕೇಳಲಿಲ್ಲ. ತಾನೇ ಹೇಳಿದಳು. "ಆಸ್ಪತ್ರಿಯೊಳಗ ಇದ್ದಾಗ ಕಣ್ಣ ಬಿಟ್ಟ ಕೂಡ್ಲೆ ಕೇಳಿದ್ದು ದೋಣಿ ಬಗ್ಗೇನ ಯವ್ವಾ. ಅದಕ್ಕಂತನ ಕಾಲು ಎತ್ತಿಡಾಕ ಕಲ್ತಾನ. ಮಾರಿದ್ರ ಮತ್ತ ಹಾಸಿಗಿ ಹಿಡೀತಾನ." ಆಮೇಲೆ ದನಿ ತಗ್ಗಿಸಿ, "ಗಂಟು ನೀ ಹಾಕಿದ್ದು ಅಂತ ಅಕಿಗಿ ಹೇಳಬಾರದಂತ. ಅವನಿಗಿ ನಾಚಿಕಿ" ಅಂದಳು.

ಗಾಳ ಕಟ್ಟಲು ಬರದ ಗಂಡಸಿಗೆ ನಾಚಿಕೆ! ನನಗೆ ನಗು ಬಂತು. ವಾಲ್ಟರನ ಮುಖ ಕೆಂಪಾಯಿತು. ತನ್ನ ಕೈ ನೋಡಿ ನಕ್ಕಳು ಎಂದುಕೊಂಡ. ಸರೋಜ ಅವನಿಗೆ ನಮ್ಮ ಕಡೆಯ ಪದ್ಧತಿ ಹೇಳಿ ಸಮಾಧಾನ ಮಾಡುವಷ್ಟರಲ್ಲಿ ಚಹಾ ಆರಿತ್ತು. ಹೇಳುವುದಿಲ್ಲ ಎಂದು ಇಬ್ಬರೂ ಮಾತು ಕೊಟ್ಟೆವು.

ಗುಂಡಿನ ರಾಟಿ

ಶುಕ್ರವಾರ ಸರೋಜ ಕೆಲಸಕ್ಕೆ ಹೋದಳು. ವಾಲ್ಟರ್ ನನ್ನನ್ನು ದೋಣಿ ನಿಲ್ಲಿಸುವ ಕಟ್ಟೆಗೆ ನಡೆಸಿಕೊಂಡು ಹೋದ. ಅವನಿಗೆ ನನ್ನ ಮಾತು ಬಾರದು, ನನಗೆ ಅವನ ಮಾತು ಬಾರದು. ಎಲ್ಲ ಕೈಸನ್ನೆ. ಅದರಲ್ಲೂ ಅವನದು ಒಂದೇ ಕೈ.

ದೋಣಿಯ ಹಿಂಭಾಗದಲ್ಲಿ ಎರಡು ಕಬ್ಬಿಣದ ತೋಳು, ತೋಳಿಗೊಂದು ರಾಟಿ, ರಾಟಿಗೆ ಉಕ್ಕಿನ ತಂತಿ, ತಂತಿಯ ತುದಿಗೆ ಬೇಲದ ಹಣ್ಣಿನಷ್ಟು ಸೀಸದ ಗುಂಡು. ಎತ್ತಿ ನೋಡಿದೆ. ಮಾರ್ಕೆಟ್ಟಿನ ಐದು ಕಿಲೋ ಕಲ್ಲಿನಷ್ಟು ಭಾರ. ಅವರು ಇದಕ್ಕೆ ಡೌನ್‌ರಿಗ್ಗರ್ ಎನ್ನುತ್ತಾರೆ. ನಾನು ಗುಂಡಿನ ರಾಟಿ ಎಂದು ಕರೆದೆ.

ಇದು ಯಾಕೆ ಬೇಕು ಎಂದು ಎರಡು ತಾಸಿನಲ್ಲಿ ತಿಳಿದುಕೊಂಡೆ. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಾಗುತ್ತ ಹೋದಂತೆ ಸಾಮನ್, ಟ್ರೌಟ್ ಎಂಬ ಅಲ್ಲಿಯ ಮೀನುಗಳು ತಣ್ಣೀರು ಹುಡುಕಿಕೊಂಡು ಹತ್ತಾಳು ಆಳಕ್ಕೆ ಇಳಿಯುತ್ತವೆ. ಮೇ ತಿಂಗಳಲ್ಲಿ ರಾಯಚೂರಿನ ಮಂದಿ ನೀರಿನ ಹರವಿಯ ಪಕ್ಕ ಮಲಗುವ ಹಾಗೆ. ಓಡುವ ದೋಣಿಯಿಂದ ಬರೀ ದಾರ ಬಿಟ್ಟರೆ ಮೇಲೆ ತೇಲುತ್ತದೆ. ಅದಕ್ಕೆ ದಾರವನ್ನು ಗುಂಡಿನ ಪಕ್ಕದ ಒಂದು ಕ್ಲಿಪ್ಪಿಗೆ ಸಿಕ್ಕಿಸಿ ಗುಂಡನ್ನು ಇಳಿಸುತ್ತಾರೆ. ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದು. ಮೀನು ಕಚ್ಚಿ ಎಳೆದರೆ ದಾರ ಕ್ಲಿಪ್ಪಿನಿಂದ ಕಿತ್ತುಕೊಂಡು ಬರುತ್ತದೆ. ಆಮೇಲೆ ಗುಂಡಿಗೂ ಮೀನಿಗೂ ಸಂಬಂಧವಿಲ್ಲ, ಉಂಗುರಗಳೊಳಗಿಂದ ದಾರ ಹಾಯ್ದ ಗಾಳದ ಕೋಲಿಗೂ ಮೀನಿಗೂ ಜಗಳ.

ಗಾಳಕ್ಕೆ ಏನು ಚುಚ್ಚುತ್ತಾರೆ ಎಂದು ನೋಡಿದರೆ ಎರೆಹುಳು ಇಲ್ಲ, ಹಿಟ್ಟಿನ ಉಂಡೆ ಇಲ್ಲ. ತಗಡಿನ ಚಮಚ! ಹಿಡಿಕೆ ಮುರಿದ ಚಮಚದಂಥದು, ಬೆಳ್ಳಿ ಬಣ್ಣದ ಮೇಲೆ ಹಸಿರು ಚುಕ್ಕೆ. ನೀರಲ್ಲಿ ಹೊರಳುತ್ತಾ ಮಿನುಗಿದರೆ ಸಣ್ಣ ಮೀನೆಂದು ತಿಳಿದು ದೊಡ್ಡ ಮೀನು ಕಚ್ಚುತ್ತದಂತೆ. ನಮ್ಮ ಕೃಷ್ಣೆಯ ಬಾಳೆಮೀನಿಗೆ ಹೀಗೆ ಚಮಚ ತೋರಿಸಿದರೆ ಅನ್ನ ಎಲ್ಲಿ ಅಂತ ಕೇಳೀತು.

ಒಂದು ದಾರಕ್ಕೆ ಒಂದೇ ಚಮಚ ಇತ್ತು. ನಾನು ಒಂದು ಬೆರಳು ತೋರಿಸಿ ತಲೆ ಅಲ್ಲಾಡಿಸಿ, ಎರಡೂ ಕೈಯ ಬೆರಳುಗಳನ್ನು ಇಪ್ಪತ್ತು ಸಲ ಬಿಚ್ಚಿ ತೋರಿಸಿದೆ. ಇನ್ನೂರು ಕಟ್ಟಿದವಳು ನಾನು, ಒಂದರಿಂದ ಏನಾಗುತ್ತದೆ? ವಾಲ್ಟರ್ ಮೊದಲ ಸಲ ನಕ್ಕ. ಪೆಟ್ಟಿಗೆಯಿಂದ ಒಂದು ಮಾರುದ್ದದ ತುಂಡು ದಾರ ತೆಗೆದ. ಒಂದು ತುದಿಗೆ ಚಮಚ, ಇನ್ನೊಂದು ತುದಿಗೆ ತೆರೆದು ಮುಚ್ಚುವ ಸಣ್ಣ ಕೊಕ್ಕೆ. ಆ ಕೊಕ್ಕೆಯನ್ನು ದೊಡ್ಡ ದಾರಕ್ಕೆ ಸುಮ್ಮನೆ ಸಿಕ್ಕಿಸಿ ಕೈ ಬಿಟ್ಟ. ಅದು ಸರ್ರನೆ ಜಾರಿ ಕೆಳಗೆ ಹೋಯಿತು. ನೀರಿನಲ್ಲಿ ದಾರ ಬಿಲ್ಲಿನಂತೆ ಬಾಗುತ್ತದೆ, ಈ ಎರಡನೇ ಚಮಚ ಆ ಬಾಗಿನ ನಡುವೆ ಹೋಗಿ ನಿಲ್ಲುತ್ತದೆ ಎಂದು ಕೈಯಲ್ಲಿ ತೋರಿಸಿದ. ಹೀಗೆ ಒಂದೇ ಕೋಲಿಗೆ ಎರಡು ಆಳದಲ್ಲಿ ಎರಡು ಚಮಚ.

ಕೊಕ್ಕೆ ಜಾರಿದ್ದನ್ನು ನೋಡಿ ನಾನು ಅಂದುಕೊಂಡೆ: ಪಾಪ, ಬೆರಳಿಲ್ಲ, ಕಟ್ಟಲಾರದೆ ಸಿಕ್ಕಿಸಿ ಬಿಟ್ಟಿದ್ದಾನೆ. ನಮ್ಮಲ್ಲಿ ಜಾರುವ ಗಾಳ ಎಂದರೆ ಸೋಮಾರಿ ಹೆಂಗಸು ಕಟ್ಟಿದ ಗಾಳ. ಒಂದು ಜಾರಿ ಇನ್ನೊಂದಕ್ಕೆ ಸಿಕ್ಕಿಕೊಂಡರೆ ನಮ್ಮತ್ತೆ ಇಡೀ ಬುಟ್ಟಿಯನ್ನು ಅಂಗಳಕ್ಕೆ ಸುರಿದು, ಮೊದಲಿನಿಂದ ಕಟ್ಟು ಎನ್ನುತ್ತಿದ್ದಳು. ಜಾರಲಿ ಎಂದೇ ಮಾಡಿದ್ದು ಅನ್ನುವುದು ನನ್ನ ತಲೆಗೆ ಹೋಗಲಿಲ್ಲ. ತಲೆ ಆಡಿಸಿದೆ. ತಿಳಿಯಿತು ಎಂದುಕೊಂಡು ಅವನೂ ಆಡಿಸಿದ.

ಶನಿವಾರ, ನೀರಿನ ಮೇಲೆ

ವಾಲ್ಟರ್ ನಮ್ಮಿಬ್ಬರನ್ನೂ ಪಕ್ಕದ ಮನೆಯವರೆಂದು ದೋಣಿಗೆ ಕರೆದಿದ್ದ. ಕ್ಯಾರೊಲ್ ನಲವತ್ತರ ಹೆಂಗಸು, ಎರಡು ತಾಸು ದೂರದ ಪಟ್ಟಣದಲ್ಲಿ ಟೀಚರ್. ಮೂಗಿನ ಮೇಲೆ ಬಿಸಿಲಿಗೆ ಸುಲಿದ ಚರ್ಮ. ನನ್ನ ತಲೆಗೆ ತಾನೇ ಒಂದು ಉಣ್ಣೆಯ ಟೊಪ್ಪಿಗೆ ಹಾಕಿದಳು. ಕೆಟ್ಟವಳಲ್ಲ. ಅಪ್ಪ ನೀರಲ್ಲಿ ಬಿದ್ದಾನೆಂಬ ಹೆದರಿಕೆ ಅವಳ ಕಣ್ಣಲ್ಲಿತ್ತು. ಅವನು ಎದ್ದಾಗಲೆಲ್ಲ ಅವಳ ಕೈ ಅವನ ಅಂಗಿಯ ಹಿಂದೆ ಹೋಗುತ್ತಿತ್ತು, ಮುಟ್ಟುತ್ತಿರಲಿಲ್ಲ.

ದೋಣಿ ದಂಡೆ ಬಿಟ್ಟು ಒಂದು ತಾಸು ಓಡಿತು. ವಾಲ್ಟರ್ ಸ್ಟಿಯರಿಂಗ್ ಹಿಡಿದರೆ ಲಕ್ವಾ ಹೊಡೆದವನು ಅನ್ನಲಾಗದು. ಸರೋಜ ಮಾತ್ರ ಅಂಚಿಗೆ ಜೋತುಬಿದ್ದು ವಾಂತಿ ಮಾಡತೊಡಗಿದಳು.

"ಹೊಳಿದಂಡಿ ಹುಡುಗಿ, ನಾಚಿಕಿ ಆಗೂದಿಲ್ಲೇನ ನಿನಗ?"

"ಸುಮ್ಮನಿರಬೇ... ನಮ್ಮ ಹೊಳಿ ಹಿಂಗ ಕುಣೀತಿತ್ತೇನ?"

ನೀರು ಕಪ್ಪಾದಲ್ಲಿ ವಾಲ್ಟರ್ ವೇಗ ತಗ್ಗಿಸಿದ. ಕ್ಯಾರೊಲ್‌ಗೆ ಸ್ಟಿಯರಿಂಗ್ ಕೊಟ್ಟು ಹಿಂದಕ್ಕೆ ಬಂದ. ಅವಳು ಮುಂದಕ್ಕೆ ನೋಡುತ್ತಿದ್ದಳು. ಕೆಳಗಿನ ಚಮಚವನ್ನು ದೂರ ಹರಿಬಿಟ್ಟು, ದಾರವನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಗುಂಡನ್ನು ಎರಡು ಮಾರು ಇಳಿಸಿದ. ಎರಡನೇ ಚಮಚದ ಕೊಕ್ಕೆಯನ್ನು ದಾರಕ್ಕೆ ಸಿಕ್ಕಿಸಿ, ಬಿಡುವ ತನಕ ಹಿಡಿದಿರಲು ನನ್ನ ಕೈಗೆ ಕೊಟ್ಟ. ಆಳ ತೋರಿಸುವ ಪೆಟ್ಟಿಗೆಯ ಕಡೆ ತಿರುಗಿದ. ಅಷ್ಟರಲ್ಲಿ ನಾನು ಸೊಂಟದ ಚೀಲದಿಂದ ಗಟ್ಟಿ ದಾರದ ತುಂಡು ತೆಗೆದು ಆ ಕೊಕ್ಕೆಯನ್ನು ದೊಡ್ಡ ದಾರಕ್ಕೆ ಮೂರು ಸುತ್ತು ಸುತ್ತಿ ಬಿಗಿದೆ. ಎರಡೂ ಕೋಲಿಗೆ ಹಾಗೆಯೇ ಮಾಡಿದೆ. ಅವನು ರಾಟಿ ಬಿಟ್ಟ. ಗುಂಡುಗಳು ಇಳಿದವು. ಒಳ್ಳೆಯ ಕೆಲಸ ಮಾಡಿದೆ ಎಂದು ಎಲೆಅಡಿಕೆ ಹಾಕಿಕೊಂಡೆ.

ಅರ್ಧ ತಾಸಿಗೆ ಎಡಗಡೆಯ ಕೋಲು, ಬಿಲ್ಲಿನಂತೆ ಬಾಗಿದ್ದದ್ದು, ಫಟ್ಟನೆ ನೆಟ್ಟಗಾಯಿತು. ಮರುಗಳಿಗೆಗೆ ಮತ್ತೆ ಬಾಗಿ ನೀರು ಮುಟ್ಟಿತು. ವಾಲ್ಟರ್ ಕೋಲು ಎತ್ತಿ ಬುಡವನ್ನು ಬಲಕಂಕುಳಲ್ಲಿ ಅದುಮಿ ಎಡಗೈಯಿಂದ ಸುತ್ತತೊಡಗಿದ. ಮೀನು ಎಳೆದಾಗ ಬಿಟ್ಟ, ದಣಿದಾಗ ಸುತ್ತಿದ. ಎಷ್ಟೋ ಹೊತ್ತು. ಹಿಂದೆ ನೀರಿನಿಂದ ಅದು ಒಮ್ಮೆ ಮೇಲಕ್ಕೆ ಹಾರಿತು. ಬೆಳ್ಳಿ. ನಮ್ಮ ಮೊಮ್ಮಗನಷ್ಟು ಉದ್ದ. ನಾನು ಎಷ್ಟೋ ಮೀನು ಕಂಡವಳು, ಬಾಯಲ್ಲಿನ ಎಲೆ ಅಗಿಯುವುದು ಮರೆತೆ. ಕ್ಯಾರೊಲ್ ಬಲೆಯ ಕೋಲು ಹಿಡಿದು ನಗುತ್ತಾ ಏನೋ ಕೂಗುತ್ತಿದ್ದಳು. ಆಗ ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ.

ಟಕ್ ಎಂದಿತು. ನಾನು ಬಿಗಿದ ಕೊಕ್ಕೆ ಕೋಲಿನ ತುದಿಯ ಉಂಗುರಕ್ಕೆ ಬಂದು ತಗುಲಿತ್ತು. ಅದು ಉಂಗುರದೊಳಗೆ ಹೋಗದು. ದಾರ ಮುಂದೆ ಸುತ್ತಿಕೊಳ್ಳದು. ಮೀನು ಇನ್ನೂ ಇಪ್ಪತ್ತು ಮೊಳ ದೂರ. ವಾಲ್ಟರ್ ಮತ್ತೆ ಮತ್ತೆ ಸುತ್ತಿದ. ಕೋಲಿನ ತುದಿ ನೋಡಿದ. ಆಮೇಲೆ ನನ್ನನ್ನು ನೋಡಿದ.

ನಾನು ಸುಮ್ಮನೆ ನಿಲ್ಲಲಿಲ್ಲ. ದಾರಕ್ಕೆ ಕೈ ಹಾಕಿ ನಮ್ಮ ಹಗ್ಗ ಎಳೆದಂತೆ ಎಳೆದೆ. ಮೊಳ ಮೊಳ ಬಂತು. ಕ್ಯಾರೊಲ್ ಬಲೆ ಚಾಚಿದಳು. ಮೀನಿನ ಕಣ್ಣು ಕಂಡಿತು. ಅದು ಒಮ್ಮೆ ಬಾಲ ಬಡಿಯಿತು. ಕೋಲಾದರೆ ಬಾಗಿ ಸಡಿಲು ಕೊಡುತ್ತದೆ. ನನ್ನ ತೋಳು ಬಾಗಲಿಲ್ಲ. ಕೂದಲೆಳೆಯ ನೈಲಾನ್ ಅಂಗೈ ಕೊಯ್ದು ತುಂಡಾಯಿತು. ನೀರು ಮುಚ್ಚಿಕೊಂಡಿತು.

ಕ್ಯಾರೊಲ್ ನನ್ನ ಕೈಗೆ ಬಟ್ಟೆ ಸುತ್ತಿದಳು. ಆಮೇಲೆ ದೋಣಿಯೊಳಗೆ ಬಿದ್ದಿದ್ದ ದಾರ ಎತ್ತಿ ಬಿಗಿದ ಕೊಕ್ಕೆಯನ್ನು ನೋಡಿದಳು. ಇನ್ನೊಂದು ಕೋಲನ್ನೂ ಎತ್ತಿಸಿ ನೋಡಿದಳು. ಅಪ್ಪನನ್ನು ಏನೋ ಕೇಳಿದಳು. ಅವನು ಒಂದೇ ಮಾತು ಹೇಳಿ ಸ್ಟಿಯರಿಂಗ್ ಕಡೆ ಹೋದ. ಅವಳು ಅವನ ಬೆನ್ನನ್ನು ನೋಡುತ್ತಾ ದಾರ ಸುತ್ತಿಟ್ಟಳು.

ಅದೇ ದಿನ ಸಂಜೆ

ಸರೋಜ ನನ್ನ ಅಂಗೈಗೆ ಪಟ್ಟಿ ಕಟ್ಟುತ್ತಿದ್ದಳು. ಊಟದ ಹೊತ್ತಾದರೂ ಕಿಟಕಿಯಲ್ಲಿ ಬಿಸಿಲು. ಅಲ್ಲಿ ಬೇಸಿಗೆಯಲ್ಲಿ ಸೂರ್ಯನಿಗೆ ಮನೆಗೆ ಹೋಗುವ ಮನಸ್ಸೇ ಇರುವುದಿಲ್ಲ.

"ಅಕಿ ಏನ್ ಕೇಳಿದ್ಲು?"

"ಇದನ್ನ ಯಾರು ಕಟ್ಟಿದ್ರು ಅಂತ. ನಾನ ಅಂದ ಅಂವ."

"ಸುಳ್ಳ್ಯಾಕ ಹೇಳಿದ?"

"ನೀ ಕಟ್ಟಿದ್ದು ಅಂದ್ರ ತನ್ನ ಬೆರಳಿನ ಗುಟ್ಟು ಹೊರಗ ಬೀಳ್ತದ ಅಂತ. ಆದ್ರ ಈಗ ಇನ್ನೂ ಕೆಟ್ಟಾತು ಯವ್ವಾ." ಸರೋಜ ಪಟ್ಟಿ ಹರಿದಳು. "ಬೆರಳಿನ್ನೂ ಬಂದಿಲ್ಲೇನೋ ಅಂತ ಅಷ್ಟ ಅನುಮಾನ ಇತ್ತಂತ ಅಕಿಗಿ. ಈಗ ತಲೀನ ಹೋಗ್ಯದ ಅಂದ್ಲು. ನಲವತ್ತು ವರ್ಷ ಮಾಡಿದ ಕೆಲಸದಾಗ ಹೊಸಬರೂ ಮಾಡದ ತಪ್ಪು ಮಾಡ್ಯಾನ, ನಾಳೆ ನಡು ನೀರಾಗ ದಾರಿ ಮರ್ತ್ರ ಏನ್ ಗತಿ ಅಂತ ದಂಡಿಗಿ ಬಂದ ಮ್ಯಾಲ ನನ್ನ ಮುಂದ ಅತ್ಲು."

"ಏನ್ ತಪ್ಪು? ನನ್ನ ಗಂಟು ಬಿಚ್ಚಲಿಲ್ಲ."

"ಬಿಚ್ಚಲಿಲ್ಲ ಅದಕ್ಕ ತಪ್ಪು. ಅದು ಜಾರಬೇಕಂತಬೇ!"

ಸಾವಕಾಶವಾಗಿ ಹೇಳಿದಳು. ಮೀನು ಯಾವ ಚಮಚ ಕಚ್ಚಿದರೂ ಕ್ಲಿಪ್ಪು ಬಿಟ್ಟೊಡನೆ ಮೇಲಿನ ಕೊಕ್ಕೆ ಜಾರಿಕೊಂಡು ಕೆಳಗಿನ ಚಮಚದ ಹತ್ತಿರ ಹೋಗಿ ನಿಲ್ಲುತ್ತದೆ. ಎರಡೂ ತುದಿಯಲ್ಲೇ ಸೇರಿಕೊಂಡರೆ ಉಳಿದ ದಾರ ಕೋಲಿನ ಉಂಗುರಗಳೊಳಗಿಂದ ಸರಾಗ ಹೋಗಿ ಸುತ್ತಿಕೊಳ್ಳುತ್ತದೆ. ನಮ್ಮದು ಕೈಯಿಂದ ಎಳೆಯುವ ಹಗ್ಗ, ಅದಕ್ಕೆ ಉಂಗುರವಿಲ್ಲ, ಇನ್ನೂರು ಗಂಟಿದ್ದರೂ ನಡೆಯುತ್ತದೆ. ಅವರದು ಉಂಗುರದೊಳಗೆ ಹೋಗಬೇಕಾದ ದಾರ. ಬುದ್ಧಿವಂತರ ಕೆಲಸ. ನಾನು ಒಪ್ಪಿದೆ. ತಪ್ಪು ನನ್ನದೇ.

"ಹಂಗಾದ್ರ ಅಕಿಗಿ ಹೇಳು, ನಮ್ಮವ್ವ ಕಟ್ಟಿದ್ದು ಅಂತ."

"ಹೇಳಿದ್ರ ಬೆರಳಿಲ್ಲ ಅಂತ ಗೊತ್ತಾಗಿ ದೋಣಿ ಹೋಗ್ತದ. ಹೇಳದಿದ್ರ ತಲಿ ಇಲ್ಲ ಅಂತ ದೋಣಿ ಹೋಗ್ತದ. ಮತ್ತ ನಾವು ಮಾತು ಕೊಟ್ಟೀವಿ."

ನಾನು ಉಂಡು ಮಲಗಿದೆ. ನಿದ್ದೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿ ಬಂತು.

ಭಾನುವಾರ ಬೆಳಿಗ್ಗೆ

ಎದ್ದು ಮುಖ ತೊಳೆದು ಸರೋಜಳನ್ನು ಎಬ್ಬಿಸಿದೆ. "ನಡಿ" ಅಂದೆ. "ಫೋನ್..." ಅಂದಳು. ನಾನಾಗಲೇ ಬೇಲಿ ದಾಟಿದ್ದೆ.

ಅಪ್ಪ ಮಗಳು ಅಡುಗೆಮನೆಯ ಮೇಜಿಗೆ ಎದುರು ಬದುರು ಕೂತಿದ್ದರು. ಇಬ್ಬರ ಕಾಫಿಯೂ ಹಾಗೇ ಇತ್ತು. ನಾನು ಗಾಳದ ಡಬ್ಬಿ ಎಳೆದುಕೊಂಡು, ಗಾಯದ ಕೈಯಲ್ಲೇ, ಕೊಕ್ಕೆಯೊಂದನ್ನು ದಾರಕ್ಕೆ ಮೂರು ಸುತ್ತು ಸುತ್ತಿ ಬಿಗಿದು ಕ್ಯಾರೊಲ್‌ಳ ಮುಂದಿಟ್ಟೆ. ನನ್ನ ಎದೆ ಮುಟ್ಟಿ ತೋರಿಸಿದೆ. ಅವಳು ಗಂಟು ನೋಡಿದಳು, ನನ್ನನ್ನು ನೋಡಿದಳು. ನಿನ್ನೆಯದೇ ಗಂಟು, ಗುರುತು ಹಿಡಿಯಲು ಟೀಚರೇ ಆಗಬೇಕಿಲ್ಲ.

ವಾಲ್ಟರ್ ಮೇಜು ಗುದ್ದಿ ಎದ್ದ. ಮುಖ ಹಣ್ಣು ಮೆಣಸಿನಕಾಯಿ. ದಾರ ಎತ್ತಿ ಅಲುಗಾಡಿಸುತ್ತಾ, ಕೊಕ್ಕೆ ತೋರಿಸುತ್ತಾ, ಕೋಲು ಬಾಗುವುದನ್ನು, ನೀರು ತಳ್ಳುವುದನ್ನು, ಗುಂಡು ಇಳಿಯುವುದನ್ನು ಗಾಳಿಯಲ್ಲಿ ಬರೆಯುತ್ತಾ ನನ್ನ ಮೇಲೆ ಕೂಗಾಡಿದ.

"ಬೈಯಾಕತ್ತಾನ ನಿನಗ" ಅಂದಳು ಸರೋಜ, ಹೆದರಿ. "ಶುಕ್ರವಾರ ಅಷ್ಟು ತೋರಿಸಿದೆ, ಎಷ್ಟು ಆಳದಾಗ ಎಷ್ಟು ಬಾಗ್ತದ, ಕೊಕ್ಕಿ ಎಲ್ಲಿ ನಿಲ್ತದ ಅಂತ, ನಿನ್ನ ತಲಿಯಾಗ ಏನ್ ತುಂಬಿತ್ತು ಅಂತ ಕೇಳ್ತಾನ. ಮಾತು ಕೊಟ್ಟು ಮುರದಿ ಅಂತಾನ."

"ಬೈಲಿ. ಎಷ್ಟು ಸರಿ ಬೈಯಾಕತ್ತಾನ ನೋಡು. ಒಂದರ ತಪ್ಪೈತೇನು ಅದರಾಗ? ತಲಿ ಹೋದಾವ ಹಿಂಗ ಬೈತಾನೇನ ಅಂತ ಕೇಳು ಅಕಿಗಿ."

ಸರೋಜ ಕೇಳಿದಳು. ಕ್ಯಾರೊಲ್ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆ ಅಂದುಕೊಂಡೆ, ನಗುತ್ತಿದ್ದಳು. ಎರಡೂ ಇತ್ತೇನೋ. ಆಮೇಲೆ ಎದ್ದು ಅಪ್ಪನ ಬಲಗೈಯನ್ನು ಮೇಜಿನ ಮೇಲೆ ಹರಡಿ ಒಂದೊಂದೇ ಬೆರಳನ್ನು ಮುಟ್ಟಿ ನೋಡಿದಳು. ಅವನು ಕೂಗುವುದನ್ನು ನಿಲ್ಲಿಸಿದ. ಕೈ ಹಿಂದಕ್ಕೆ ಎಳೆಯಲಿಲ್ಲ. ಅವಳು ಕೇಳಿದ್ದನ್ನು ಸರೋಜ ಹೇಳಿದಳು.

"ನಿಮ್ಮವ್ವ ಊರಿಗಿ ಹೋದ ಮ್ಯಾಲ ಯಾರು ಕಟ್ಟಾವ್ರು ಅಂತಾಳ."

"ಅಕಿ ಕೈಗೇನಾಗ್ಯದ? ಹತ್ತು ಬೆರಳವ. ವಾರಕ್ಕೊಮ್ಮೆ ಬಂದು ಕಟ್ಟಿಟ್ಟು ಹೋಗ್ಲಿ. ಗಾಳೇನು ಹಳಸೂದಿಲ್ಲ."

"ಎಂದೂ ಕಲಿಸಲಿಲ್ಲಂತ ಅವರಪ್ಪ. ಹೆಣ್ಣುಮಕ್ಕಳ ಕೆಲಸ ಅಲ್ಲ ಅಂತಿದ್ದನಂತ."

ನಾನು ವಾಲ್ಟರನನ್ನು ನೋಡಿದೆ. ಅವನು ಕಿಟಕಿ ನೋಡಿದ. ಸರೋಜ ತಡೆದು, "ನೀನೂ ನಂಗ ಕಲಿಸಲಿಲ್ಲಲ್ಲಬೇ" ಅಂದಳು. "ನಿನ್ನ ಸಾಲಿಗಿ ಕಳಿಸಿದ್ದೆ" ಅಂದೆ. ಕುರ್ಚಿ ಎಳೆದು ಇಬ್ಬರನ್ನೂ ಕೂರಿಸಿದೆ.

ಚಮಚದ ಉಂಗುರಕ್ಕೆ ಹಾಕುವ ಗಂಟಿನಿಂದ ಸುರು ಮಾಡಿದೆ. ಇದು ಬಿಗಿ ಇರಬೇಕು, ಜಾರುವುದು ಆ ಕಡೆಯ ಕೊಕ್ಕೆ ಎಂದು ಈಗ ನಾನೇ ವಾಲ್ಟರನಿಗೆ ಹೇಳಿ ತೋರಿಸಿದೆ. ಅವನು ಹೂಂ ಅಂದ. ಸರೋಜಳಿಗೆ ಎರಡನೇ ಸಲಕ್ಕೆ ಬಂತು, ಸೂಜಿ ಹಿಡಿದ ಕೈ. ಕ್ಯಾರೊಲ್ ಆರು ಸಲ ತಪ್ಪಿದಳು.

ಹತ್ತಕ್ಕೆ ಹೊರಗೆ ಕಾರು ನಿಂತಿತು. ದೋಣಿ ಕೊಳ್ಳುವವನು ಬಾಗಿಲು ತಟ್ಟಿದ. ಕ್ಯಾರೊಲ್‌ಳ ಹಲ್ಲಲ್ಲಿ ದಾರದ ತುದಿ, ಎರಡೂ ಕೈಯಲ್ಲಿ ಅರ್ಧ ಗಂಟು. ಅವಳು ಏಳಲಿಲ್ಲ. ಅಪ್ಪನನ್ನು ನೋಡಿ ಗದ್ದವನ್ನು ಬಾಗಿಲ ಕಡೆ ಆಡಿಸಿದಳು, ನೀನೇ ಹೋಗಿ ಹೇಳಿ ಕಳಿಸು ಎಂಬಂತೆ. ವಾಲ್ಟರ್ ಅಂಗಿ ಸರಿಮಾಡಿಕೊಂಡು ಹೋದ. ಹೊರಗೆ ನಾಲ್ಕು ಮಾತು. ಕಾರು ತಿರುಗಿಕೊಂಡು ಹೋದ ಸದ್ದು.

ನಾನು ಕ್ಯಾರೊಲ್‌ಳ ಗಂಟನ್ನು ಉಗುರಿನಿಂದ ಎಳೆದು ನೋಡಿದೆ. ಸಡಿಲಿತ್ತು. ಬಿಚ್ಚಿ ದಾರವನ್ನು ಅವಳ ಕೈಗೆ ಕೊಟ್ಟು, "ಮತ್ತೊಮ್ಮಿ" ಅಂದೆ.